ಮಾತಿನ ವಿದ್ವಾಂಸರ ಪ್ರಭಾವವನ್ನು ಉಲ್ಲೇಖದ ಲೆಕ್ಕದಲ್ಲಿ ಅಳೆಯಬೇಕೇ? ಪರ-ವಿರೋಧ

ರಾಜಕಾರಣಿಗಳು ಜನರನ್ನು ಹೇಗೆ ಒಪ್ಪಿಸುತ್ತಾರೆ, ಒಂದು ವಾದ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಅಧ್ಯಯನ ಮಾಡುವ ವಿದ್ವಾಂಸರಿದ್ದಾರೆ. ಅವರ ಸಂಶೋಧನೆಯ ಪ್ರಭಾವವನ್ನು ಈಗ ಹೆಚ್ಚಾಗಿ ಉಲ್ಲೇಖಗಳಿಂದ ಅಳೆಯುತ್ತಾರೆ. ಅಂದರೆ, ಬೇರೆ ಸಂಶೋಧಕರು ಅವರ ಬರಹವನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂದು ಎಣಿಸುತ್ತಾರೆ. ನೇಮಕಾತಿ, ಬಡ್ತಿ, ವಿಶ್ವವಿದ್ಯಾಲಯಗಳ ರ‍್ಯಾಂಕ್ ಎಲ್ಲದರಲ್ಲೂ ಈ ಲೆಕ್ಕ ಬರುತ್ತದೆ. ಈ ಕ್ಷೇತ್ರಕ್ಕೆ ಇದು ಸರಿಯೇ? ಸರಿ ಎನ್ನುತ್ತಾರೆ ಬೆಳಗಾವಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ಅಧ್ಯಾಪಕಿ. ಬೇಡ ಎನ್ನುತ್ತಾರೆ ವಿಜಯಪುರದ ಕನ್ನಡ ಅಧ್ಯಾಪಕರು.

ಪರ
ಎಣಿಕೆ ಹೋದರೆ ಉಳಿಯುವುದು ಶಿಫಾರಸು

ನೇಮಕಾತಿ ಸಂದರ್ಶನಕ್ಕೆ ಹೋದವರಿಗೆಲ್ಲ ಇದು ಗೊತ್ತಿರುತ್ತದೆ. ಮೇಜಿನ ಮೇಲೆ ನಮ್ಮ ಫೈಲು ಇರುತ್ತದೆ. ಒಳಗೆ ವರ್ಷಗಟ್ಟಲೆ ಕೂತು ಬರೆದ ಲೇಖನಗಳ ಜೆರಾಕ್ಸ್ ಇರುತ್ತದೆ. ನನ್ನ ಫೈಲನ್ನು ಅವತ್ತು ಯಾರೂ ತೆರೆಯಲಿಲ್ಲ. ಮೊದಲು ಕೇಳಿದ್ದು, ನಿಮ್ಮ ಗೈಡ್ ಯಾರು ಅಂತ. ಆಮೇಲೆ, ಊರು ಯಾವುದು ಅಂತ. ಊರು ಹೇಳಿದ ಮೇಲೆ ಅಡ್ಡಹೆಸರು ಕೇಳಿದರು. ನಮ್ಮ ಕಡೆ ಅಡ್ಡಹೆಸರು ಹೇಳಿದರೆ ಉಳಿದದ್ದೆಲ್ಲ ಹೇಳಿದ ಹಾಗೆಯೇ, ಅಲ್ವಾ? ಸದನದ ಚರ್ಚೆಗಳ ಬಗ್ಗೆ ನಾನು ಏನು ಬರೆದಿದ್ದೇನೆ, ಅದನ್ನು ಯಾರಾದರೂ ಬಳಸಿದ್ದಾರಾ ಎಂಬ ಪ್ರಶ್ನೆ ಬರಲೇ ಇಲ್ಲ.

ಉಲ್ಲೇಖ ಎಣಿಸುವುದು ಬೇಡ, ತಿಳಿದವರು ಓದಿ ತೀರ್ಮಾನ ಮಾಡಲಿ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ. ತಿಳಿದವರು ಅಂದರೆ ಯಾರು? ಅವರನ್ನು ಆರಿಸುವವರು ಯಾರು? ನಮ್ಮಲ್ಲಿ ಒಬ್ಬರು ದೊಡ್ಡ ವಿದ್ವಾಂಸರು ಎಂದು ಊರಿಗೆ ತಿಳಿಯುವುದು ಸನ್ಮಾನದಿಂದ, ಅಭಿನಂದನ ಗ್ರಂಥದಿಂದ. ಶಿಷ್ಯರು ಬರೆಯುತ್ತಾರೆ, ಸಹೋದ್ಯೋಗಿಗಳು ಬರೆಯುತ್ತಾರೆ, ಎಲ್ಲರೂ ಹೊಗಳುತ್ತಾರೆ. ಅವರ ಯಾವ ವಿಚಾರವನ್ನು ಯಾರು ಮುಂದೆ ಒಯ್ದರು ಎಂದು ಆರುನೂರು ಪುಟ ತಿರುವಿದರೂ ಸಿಗುವುದಿಲ್ಲ. ಉಲ್ಲೇಖದ ಲೆಕ್ಕಕ್ಕೆ ಹತ್ತಾರು ಕೊರತೆ ಇರಬಹುದು. ಅಡ್ಡಹೆಸರು ಮಾತ್ರ ಅದು ಕೇಳುವುದಿಲ್ಲ.

ಈ ಕ್ಷೇತ್ರದ್ದೇ ಒಂದು ಉದಾಹರಣೆ ಕೊಡುತ್ತೇನೆ. ಸ್ಟೀಫನ್ ಟೂಲ್ಮಿನ್ ಇಂಗ್ಲೆಂಡಿನ ತತ್ವಶಾಸ್ತ್ರಜ್ಞ. 1958ರಲ್ಲಿ ‘ದಿ ಯೂಸಸ್ ಆಫ್ ಆರ್ಗ್ಯುಮೆಂಟ್’ ಎಂಬ ಪುಸ್ತಕ ಬರೆದರು. ಜನ ನಿಜವಾಗಿ ವಾದ ಮಾಡುವುದನ್ನು ತರ್ಕದ ಸೂತ್ರಗಳಿಂದ ಅರ್ಥ ಮಾಡಿಕೊಳ್ಳಲಾಗದು, ಕೋರ್ಟಿನಲ್ಲಿ ವಕೀಲರು ವಾದ ಮಾಡುವ ರೀತಿಯನ್ನು ನೋಡಿ ಎಂದರು. ಅವರ ಪ್ರಕಾರ ಒಂದು ವಾದಕ್ಕೆ ಆರು ಭಾಗ. ಒಂದು ಹೇಳಿಕೆ. ಅದಕ್ಕೊಂದು ಆಧಾರ. ಆ ಆಧಾರದಿಂದ ಈ ಹೇಳಿಕೆಗೆ ಬರಬಹುದು ಎಂದು ಒಪ್ಪಿಗೆ ಕೊಡುವ ನಿಯಮ. ಆ ನಿಯಮಕ್ಕೆ ಬೆಂಬಲ. ‘ಬಹುಶಃ’, ‘ಸಾಮಾನ್ಯವಾಗಿ’ ಎಂಬಂಥ ಮಿತಿ. ಕೊನೆಗೆ, ಇಂಥ ಸಂದರ್ಭದಲ್ಲಿ ಇದು ನಿಲ್ಲುವುದಿಲ್ಲ ಎಂಬ ಅಪವಾದ.

ನಮ್ಮೂರ ಗಡಿ ವಾದವನ್ನೇ ಹೀಗೆ ಬಿಡಿಸಿ ನೋಡಿ. ‘ಬೆಳಗಾವಿ ಕರ್ನಾಟಕದಲ್ಲೇ ಇರಬೇಕು’ ಎಂಬುದು ಹೇಳಿಕೆ. 1967ರ ಮಹಾಜನ ಆಯೋಗದ ವರದಿ ಆಧಾರ. ‘ಕೇಂದ್ರ ನೇಮಿಸಿದ ಆಯೋಗದ ತೀರ್ಮಾನಕ್ಕೆ ಎರಡೂ ರಾಜ್ಯ ತಲೆಬಾಗಬೇಕು’ ಎಂಬುದು ನಿಯಮ. ಈ ನಿಯಮವನ್ನು ಭಾಷಣದಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ. ವರದಿ ಎತ್ತಿ ತೋರಿಸುತ್ತಾರೆ, ಅಷ್ಟೇ. ಮಹಾರಾಷ್ಟ್ರದವರ ತಕರಾರು ವರದಿ ಇದೆಯೋ ಇಲ್ಲವೋ ಎಂಬುದರ ಮೇಲಿಲ್ಲ. ಅವರು ಹಿಡಿಯುವುದು ಆ ನಿಯಮವನ್ನು. ಹಳ್ಳಿಯನ್ನು ಘಟಕವಾಗಿಟ್ಟುಕೊಂಡು ಭಾಷೆಯ ಬಹುಮತ ನೋಡಬೇಕಿತ್ತು, ಆಯೋಗ ಹಾಗೆ ಮಾಡಲಿಲ್ಲ, ಆದ್ದರಿಂದ ನಾವು ಒಪ್ಪಬೇಕಿಲ್ಲ ಅನ್ನುತ್ತಾರೆ. 2004ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಕರ್ನಾಟಕ ಇನ್ನೊಂದು ನಿಯಮ ಮುಂದಿಟ್ಟಿತು. ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನದು, ಕೋರ್ಟಿನದಲ್ಲ ಎಂದಿತು. ಹಾಗಾದರೆ ನಮ್ಮ ವಾದ ಆಯೋಗದ ಮೇಲೆ ನಿಂತಿದೆಯೋ, ಸಂಸತ್ತಿನ ಮೇಲೆ ನಿಂತಿದೆಯೋ? ಎರಡರ ಮೇಲೂ ನಿಲ್ಲಬಹುದು. ಆದರೆ ಯಾವಾಗ ಯಾವುದರ ಮೇಲೆ ಎಂದು ನಮಗೆ ಗೊತ್ತಿರಬೇಕು.

ತರಗತಿಯಲ್ಲಿ ಇದನ್ನು ಬೋರ್ಡ್ ಮೇಲೆ ಬರೆಯುತ್ತೇನೆ. ಕನ್ನಡ ಮನೆಮಾತಿನವರೂ ಇರುತ್ತಾರೆ, ಮರಾಠಿ ಮನೆಮಾತಿನವರೂ ಇರುತ್ತಾರೆ. ಗದ್ದಲ ಆಗುತ್ತದೆ ಎಂದು ಹೊರಗಿನವರು ಅಂದುಕೊಳ್ಳಬಹುದು. ಆಗುವುದಿಲ್ಲ. ‘ಹಂಗಾದ್ರ ಮೇಡಂ, ಇಬ್ರೂ ಬ್ಯಾರೆ ಬ್ಯಾರೆ ಮಾತಿಗೆ ಉತ್ತರ ಕೊಡಾಕತ್ತಾರ’ ಎಂದು ಒಬ್ಬ ಹುಡುಗ ಹೇಳಿದ. ಟೂಲ್ಮಿನ್ ಮಾಡಿದ ಕೆಲಸದ ಬೆಲೆ ನನಗೆ ಗೊತ್ತಾಗಿದ್ದು ಅಲ್ಲಿ.

ಇನ್ನು ಆ ಪುಸ್ತಕಕ್ಕೆ ಆದದ್ದೇನು? ಬ್ರಿಟನ್ನಿನ ತತ್ವಶಾಸ್ತ್ರಜ್ಞರು ಅದನ್ನು ಸ್ವಾಗತಿಸಲಿಲ್ಲ. ವಿಮರ್ಶೆಗಳು ಕಟುವಾಗಿದ್ದವು. ತಿಳಿದವರ ತೀರ್ಪು ಅದೇ ಆಗಿತ್ತು! ಆದರೆ ಪುಸ್ತಕ ಅಮೆರಿಕದ ಭಾಷಣ ಮತ್ತು ಸಂವಹನ ವಿಭಾಗಗಳ ಕೈಗೆ ಸಿಕ್ಕಿತು. 1960ರಲ್ಲಿ ವೇಯ್ನ್ ಬ್ರಾಕ್‌ರೀಡ್ ಮತ್ತು ಡಗ್ಲಾಸ್ ಎನಿಂಗರ್ ಅದರ ಬಗ್ಗೆ ಲೇಖನ ಬರೆದು ಅಧ್ಯಾಪಕರ ಗಮನಕ್ಕೆ ತಂದರು. ಅಲ್ಲಿಂದ ಅದು ಕಾನೂನಿಗೆ ಹೋಯಿತು, ಶಿಕ್ಷಣಕ್ಕೆ ಹೋಯಿತು, ಕಂಪ್ಯೂಟರ್ ವಿಜ್ಞಾನಕ್ಕೂ ಹೋಯಿತು. ಈ ದಾರಿ ನಮಗೆ ಇವತ್ತು ಕಾಣುವುದು ಬಳಸಿದವರು ಹೆಸರು ಬರೆದಿಟ್ಟಿದ್ದರಿಂದ. ತಮ್ಮ ಊರಿನ ಪಂಡಿತರು ತಳ್ಳಿಹಾಕಿದ ಕೆಲಸಕ್ಕೆ ದೂರದ ಓದುಗರು ಸಾಕ್ಷಿ ನಿಲ್ಲುತ್ತಾರಲ್ಲ, ಉಲ್ಲೇಖದ ಲೆಕ್ಕ ಅಂದರೆ ನನ್ನ ಪಾಲಿಗೆ ಅದು. ಬಾಗಲಕೋಟೆಯ ಒಬ್ಬ ಸಂಶೋಧಕಿಯನ್ನು ಅವಳ ಜಿಲ್ಲೆಯ ಗುಂಪು ಹತ್ತಿರ ಸೇರಿಸದಿರಬಹುದು. ಕೇರಳದಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಯಾರೋ ಅವಳ ಲೇಖನ ಬಳಸಿದರೆ ಅದು ದಾಖಲೆಯಲ್ಲಿ ಉಳಿಯುತ್ತದೆ. ಆ ದಾಖಲೆಯನ್ನು ಕಮಿಟಿ ಅಳಿಸಲಾಗದು.

ರಾಜಕೀಯ ಮಾತಿನ ವಿದ್ವಾಂಸರಿಗೆ ಇನ್ನೊಂದು ತೊಡಕೂ ಇದೆ. ರಾಜಕೀಯ ಮಾತಾಡುವವರ ಪಕ್ಕದಲ್ಲೇ ಅವರಿಗೂ ಕುರ್ಚಿ ಇರುತ್ತದೆ. ಟಿವಿ ಚರ್ಚೆಗೆ ಕರೆಯುತ್ತಾರೆ. ಚುನಾವಣೆ ಬಂದರೆ ವಿಶ್ಲೇಷಕರು ಎಂದು ಕೂರಿಸುತ್ತಾರೆ. ಹೆಸರು ಮನೆಮಾತಾಗುತ್ತದೆ. ಅದು ಸಂಶೋಧನೆಯ ಪ್ರಭಾವವೇ? ಟಿವಿಯಲ್ಲಿ ಜೋರಾಗಿ ಮಾತಾಡಿದವರಿಗೂ, ವಿಧಾನಸಭೆಯ ನಡಾವಳಿಯನ್ನು ಸಾಲು ಸಾಲಾಗಿ ಓದಿ ಅಲ್ಲಿನ ವಾದಗಳ ಸ್ವರೂಪ ಬಿಡಿಸಿ ತೋರಿಸಿದವರಿಗೂ ವ್ಯತ್ಯಾಸ ತೋರಿಸುವ ಒಂದು ಅಳತೆ ಬೇಡವೇ? ಟಿವಿಯ ಮಾತು ಬೆಳಗಾದರೆ ಮರೆತುಹೋಗುತ್ತದೆ. ಇನ್ನೊಬ್ಬ ಸಂಶೋಧಕ ತನ್ನ ಕೆಲಸಕ್ಕೆ ಬೇಕಾಗಿ ಒಂದು ಲೇಖನವನ್ನು ಹುಡುಕಿ, ಓದಿ, ಹೆಸರು ಬರೆಯುವುದು ಸುಲಭದ ಮಾತಲ್ಲ.

ಕನ್ನಡದ ಕೆಲಸ ಈ ಲೆಕ್ಕಕ್ಕೆ ಬರುವುದೇ ಇಲ್ಲವಲ್ಲ ಎಂದು ಕೇಳುತ್ತಾರೆ. ಆ ಮಾತು ನಿಜ. ಉಲ್ಲೇಖ ಎಣಿಸುವ ದತ್ತಾಂಶ ಕೋಶಗಳಾದ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎರಡರಲ್ಲೂ ಇಂಗ್ಲಿಷಿನದೇ ದರ್ಬಾರು. ಕೇಂದ್ರ ಸರ್ಕಾರ ವಿಶ್ವವಿದ್ಯಾಲಯಗಳಿಗೆ ಕೊಡುವ, 2016ರಿಂದ ಬರುತ್ತಿರುವ ಎನ್‌ಐಆರ್‌ಎಫ್ ರ‍್ಯಾಂಕಿಗೂ ಅಲ್ಲಿನ ಅಂಕಿಗಳೇ ಬೇಕು. ಆದರೆ ನಮ್ಮದೂ ಒಂದು ರೂಢಿ ಇದೆ, ಅದನ್ನು ಮುಚ್ಚಿಟ್ಟು ಮಾತಾಡಬಾರದು. ಕನ್ನಡದಲ್ಲಿ ಬರೆಯುವ ನಾವು ಒಬ್ಬರ ಹೆಸರನ್ನು ಇನ್ನೊಬ್ಬರು ಬರೆಯುವುದೇ ಕಮ್ಮಿ. ಧಾರವಾಡದವರೊಬ್ಬರು ಮೂವತ್ತು ವರ್ಷದ ಹಿಂದೆ ಹೇಳಿದ ವಿಚಾರವನ್ನು ‘ವಿದ್ವಾಂಸರು ಅಭಿಪ್ರಾಯಪಡುತ್ತಾರೆ’ ಎಂದು ಬರೆದು ಮುಗಿಸುತ್ತೇವೆ. ಯಾವ ವಿದ್ವಾಂಸರು? ಫ್ರಾನ್ಸಿನವರ, ಜರ್ಮನಿಯವರ ಹೆಸರಾದರೆ ಇಸವಿ ಸಮೇತ ಬರೆಯುತ್ತೇವೆ. ಪಕ್ಕದ ಕಾಲೇಜಿನವರದಾದರೆ ಕೈ ಬಿಗಿ ಹಿಡಿಯುತ್ತೇವೆ. ಪಿಎಚ್‌ಡಿ ಮಾಡುವ ಹುಡುಗಿಯ ವಿಚಾರ ಗೈಡ್ ಭಾಷಣದಲ್ಲಿ ಬಂದಿರುತ್ತದೆ, ಅವಳ ಹೆಸರು ಬಂದಿರುವುದಿಲ್ಲ. ಅವಳು ಯಾರಿಗೆ ಹೇಳಬೇಕು?

ಕನ್ನಡದ ಪತ್ರಿಕೆಗಳು ಕಟ್ಟುನಿಟ್ಟಾಗಿ ಉಲ್ಲೇಖ ಕೇಳಲಿ. ಲೇಖನಗಳು ಅಂತರ್ಜಾಲದಲ್ಲಿ ಶಾಶ್ವತ ಗುರುತಿನ ಸಂಖ್ಯೆಯ ಸಮೇತ ಸಿಗಲಿ. ಆಗ ಕನ್ನಡವೂ ಎಣಿಕೆಗೆ ಬರುತ್ತದೆ. ಹೆಸರಿಸುವುದೂ ರೂಢಿಯಾಗುತ್ತದೆ.

ಎಣಿಸುವ ರೀತಿ ಮಾತ್ರ ಬದಲಾಗಬೇಕು. ಎಚ್-ಇಂಡೆಕ್ಸ್ ಎಂಬ ಅಳತೆಯನ್ನು 2005ರಲ್ಲಿ ತಂದವರು ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ. ನಿಮ್ಮ 10 ಲೇಖನಗಳಿಗೆ ಪ್ರತಿಯೊಂದಕ್ಕೂ ಕನಿಷ್ಠ 10 ಉಲ್ಲೇಖ ಬಂದಿದ್ದರೆ ನಿಮ್ಮ ಎಚ್-ಇಂಡೆಕ್ಸ್ 10. ಭೌತವಿಜ್ಞಾನದಲ್ಲಿ ಹತ್ತಾರು ಜನ ಸೇರಿ ಲೇಖನ ಬರೆಯುತ್ತಾರೆ, ಬೇಗ ಬೇಗ ಉಲ್ಲೇಖ ಬರುತ್ತದೆ. ನಮ್ಮಲ್ಲಿ ಒಬ್ಬರೇ ಕೂತು ಪುಸ್ತಕ ಬರೆಯುತ್ತೇವೆ. ಆ ಎರಡನ್ನು ಒಂದೇ ಪಟ್ಟಿಯಲ್ಲಿ ಹಾಕಬಾರದು. ಸಂಶೋಧನೆ ಅಳೆಯಲು ಅಂಕಿಗಳನ್ನು ಹೇಗೆ ಬಳಸಬೇಕು ಎಂದು ತಜ್ಞರು ಬರೆದ 2015ರ ಲೈಡನ್ ಪ್ರಣಾಳಿಕೆ ಕೂಡ ಇದನ್ನೇ ಹೇಳಿದೆ. ಕ್ಷೇತ್ರದಿಂದ ಕ್ಷೇತ್ರಕ್ಕೆ ಉಲ್ಲೇಖದ ರೂಢಿ ಬೇರೆ, ಅದನ್ನು ಗಣನೆಗೆ ತೆಗೆದುಕೊಳ್ಳಿ ಎಂದಿದೆ. ಮಾತು, ವಾದಗಳ ಅಧ್ಯಯನಕ್ಕೆ ಕನಿಷ್ಠ ಹದಿನೈದು ವರ್ಷದ ಅವಧಿ ಹಿಡಿಯಿರಿ. ತಮ್ಮ ಬರಹವನ್ನು ತಾವೇ ಹೆಸರಿಸಿಕೊಂಡದ್ದನ್ನು ಲೆಕ್ಕದಿಂದ ತೆಗೆಯಿರಿ. ಗೈಡ್ ಮತ್ತು ಶಿಷ್ಯರು ಪರಸ್ಪರ ಹೆಸರಿಸಿದ್ದನ್ನು ಬೇರೆಯಾಗಿ ತೋರಿಸಿ. ಮೊತ್ತದ ಜೊತೆಗೆ ಯಾರು, ಎಲ್ಲಿಂದ, ಯಾವ ವಿಷಯಕ್ಕೆ ಬಳಸಿದರು ಎಂಬ ಪಟ್ಟಿಯನ್ನೂ ಫೈಲಿಗೆ ಹಾಕಿ. ಇಷ್ಟು ಮಾಡಿದರೆ ಅನಾಮಿಕ ಊರಿನಿಂದ ಬಂದ, ಬೆನ್ನ ಹಿಂದೆ ಯಾರೂ ಇಲ್ಲದ ಅಭ್ಯರ್ಥಿಗೂ ಕಮಿಟಿಯ ಮುಂದೆ ಇಡಲು ಒಂದು ಕಾಗದ ಇರುತ್ತದೆ. ಆ ಕಾಗದವನ್ನು ಕಿತ್ತುಕೊಳ್ಳಬೇಡಿ ಎಂದಷ್ಟೇ ನಾನು ಕೇಳುವುದು.

ವಿರೋಧ
ಬಾಯಿಂದ ಬಾಯಿಗೆ ಹೋದದ್ದನ್ನು ಯಾರು ಎಣಿಸುತ್ತಾರೆ?

ಮೇಡಂ ಬರೆದ ಸಂದರ್ಶನದ ಅನುಭವ ಓದಿ ಬೇಜಾರಾಯಿತು. ಹಾಗೆ ನಡೆಯುವುದೇ ಇಲ್ಲ ಎಂದು ಹೇಳುವ ಬಾಯಿ ಈ ಭಾಗದ ಯಾವ ಅಧ್ಯಾಪಕನಿಗೂ ಇರಲಾರದು. ಕನ್ನಡದವರು ಕನ್ನಡದವರ ಹೆಸರು ಬರೆಯುವುದಿಲ್ಲ ಎಂಬ ಅವರ ಮಾತನ್ನೂ ಪೂರ್ತಿ ಒಪ್ಪುತ್ತೇನೆ. ಆದರೆ ಉಲ್ಲೇಖದ ಎಣಿಕೆ ಆ ಅನ್ಯಾಯವನ್ನು ತಡೆಯುವುದಿಲ್ಲ. ಜೊತೆಗೆ ನಮ್ಮ ಕ್ಷೇತ್ರದ ಒಳ್ಳೆಯ ಕೆಲಸಕ್ಕೇ ಪೆಟ್ಟು ಕೊಡುತ್ತದೆ.

ವಿಜಯಪುರದಲ್ಲಿ ಕೂತು ಸಂಶೋಧನೆಯ ಪ್ರಭಾವದ ಬಗ್ಗೆ ಬರೆಯುವಾಗ ಫ.ಗು. ಹಳಕಟ್ಟಿಯವರನ್ನು ಬಿಟ್ಟು ಬರೆಯಲಾಗದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ನಮ್ಮೂರಿಗೆ ಬಂದು ವಕೀಲಿ ಮಾಡಿದರು. ಮನೆ, ಮಠ ಎನ್ನದೆ ತಿರುಗಿ ವಚನಗಳ ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಅಚ್ಚಿನ ಕೆಲಸಕ್ಕೆ ದುಡ್ಡು ಸಾಲದೆ ಇದ್ದ ಮನೆಯನ್ನೂ ಮಾರಿದರು. 1964ರಲ್ಲಿ ತೀರಿಕೊಂಡರು.

ಅವರು ವಾದಶಾಸ್ತ್ರ ಓದಿದವರಲ್ಲ ಎಂದು ಮೇಡಂ ಹೇಳಬಹುದು. ಸರಿ. ಆದರೆ ಕರ್ನಾಟಕದ ರಾಜಕೀಯ ವಾದದ ಮೇಲೆ ಅವರಷ್ಟು ಗುರುತು ಮೂಡಿಸಿದ ಸಂಶೋಧಕರು ಎಷ್ಟು ಜನ ಸಿಗುತ್ತಾರೆ? ಸದನದಲ್ಲಿ ಬಜೆಟ್ ಓದುವವರು ವಚನ ಹೇಳುತ್ತಾರೆ. ವಿರೋಧ ಪಕ್ಷದವರು ಇನ್ನೊಂದು ವಚನ ತೆಗೆದು ಉತ್ತರ ಕೊಡುತ್ತಾರೆ. ಜಾತಿಯ ಬಗ್ಗೆ, ದುಡಿಮೆಯ ಬಗ್ಗೆ, ಹೆಣ್ಣಿನ ಸ್ಥಾನದ ಬಗ್ಗೆ ನಮ್ಮ ಹಳ್ಳಿಯ ಕಟ್ಟೆಯ ಮೇಲೂ ವಾದ ನಿಲ್ಲುವುದು ವಚನದ ಮೇಲೆ. ಅನುಭವ ಮಂಟಪವನ್ನು ಸಂಸತ್ತಿಗೆ ಹೋಲಿಸಿ ಮಾತಾಡುವುದು ಎಲ್ಲ ಪಕ್ಷದವರಿಗೂ ರೂಢಿಯಾಗಿದೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಹಳಕಟ್ಟಿಯವರಿಗಿಂತ ಮುಂಚೆಯೂ ಕೆಲವು ವಚನಗಳು ಅಚ್ಚಾಗಿದ್ದವು, ಜನರ ಬಾಯಲ್ಲೂ ಇದ್ದವು. ಎಲ್ಲವನ್ನೂ ಅವರೊಬ್ಬರೇ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಸಾವಿರಾರು ಜನರ ಕೈಗೆ ಪುಸ್ತಕವಾಗಿ ಅದು ಸೇರುವಂತೆ ಜೀವ ಸವೆಸಿದವರು ಅವರು. ವಚನ ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣದಲ್ಲಿ ಅವರ ಹೆಸರು ಬರುತ್ತದೆಯೇ? ಅಪರೂಪ. ಉಲ್ಲೇಖ ಎಣಿಸುವ ಗೂಗಲ್ ಸ್ಕಾಲರ್ ಆ ಭಾಷಣವನ್ನು ಎಣಿಸುತ್ತದೆಯೇ? ಇಲ್ಲ.

ಹಳಕಟ್ಟಿಯವರಂಥವರು ನೂರು ವರ್ಷಕ್ಕೊಬ್ಬರು, ಅವರನ್ನು ತೋರಿಸಿ ನಿಯಮ ಮಾಡಬಾರದು ಎನ್ನಬಹುದು. ಹಾಗಾದರೆ ಮೇಡಂ ಕೊಟ್ಟ ಟೂಲ್ಮಿನ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1958ರಲ್ಲಿ ಪುಸ್ತಕ ಬಂತು. ಐದು ವರ್ಷದ ಉಲ್ಲೇಖ ಎಣಿಸಿ ಬಡ್ತಿ ಕೊಡುವ ಕಮಿಟಿ ಅವತ್ತು ಇಂಗ್ಲೆಂಡಿನಲ್ಲಿ ಇದ್ದಿದ್ದರೆ ಏನು ಬರೆಯುತ್ತಿತ್ತು? ಹದಿನೈದು ವರ್ಷ ಕಾಯಿರಿ ಎನ್ನುತ್ತಾರೆ ಮೇಡಂ. ಬಡ್ತಿಯ ಅರ್ಜಿ ಹಾಕಿದವರು ಹದಿನೈದು ವರ್ಷ ಕಾಯುತ್ತಾರೆಯೇ? ಕಾಯಲಾರರು. ಅದಕ್ಕೇ ವ್ಯವಸ್ಥೆ ಯಾವಾಗಲೂ ಕಡಿಮೆ ಅವಧಿಯ ಲೆಕ್ಕಕ್ಕೇ ಜಾರುತ್ತದೆ. ಇನ್ನೊಂದು ಮಾತು. ಟೂಲ್ಮಿನ್ ತೋರಿಸಿದ ಆರು ಭಾಗಗಳನ್ನು ಅಮೆರಿಕದಲ್ಲಿ ಬರವಣಿಗೆ ಕಲಿಯುವ ಮಕ್ಕಳಿಗೆ ಪಾಠ ಮಾಡುತ್ತಾರೆ. ಆ ಮಕ್ಕಳ ಪ್ರಬಂಧ ಯಾವ ಜರ್ನಲ್‌ನಲ್ಲೂ ಬರುವುದಿಲ್ಲ. ಮೇಡಂ ಅವರ ತರಗತಿಯಲ್ಲಿ ಆ ಹುಡುಗ ಹೇಳಿದ ಮಾತೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅವರ ಲೇಖನದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಆ ಮಾತೇ.

ಅದೇ 1958ರಲ್ಲಿ ಬೆಲ್ಜಿಯಮ್ಮಿನ ಖಾಯಿಮ್ ಪೆರೆಲ್ಮನ್ ಮತ್ತು ಲೂಸಿ ಓಲ್ಬ್ರೆಕ್ಟ್ಸ್-ಟೈಟೆಕಾ ಇಬ್ಬರೂ ಸೇರಿ ವಾದದ ಮೇಲೆ ದೊಡ್ಡ ಗ್ರಂಥ ತಂದರು. ಬರೆದದ್ದು ಫ್ರೆಂಚಿನಲ್ಲಿ. ಇಂಗ್ಲಿಷಿಗೆ ಪೂರ್ತಿಯಾಗಿ ಬಂದದ್ದು 1969ರಲ್ಲಿ. ಫ್ರೆಂಚಿನಂಥ ಫ್ರೆಂಚಿಗೇ ಹನ್ನೊಂದು ವರ್ಷ ಬೇಕಾಯಿತು. ಕನ್ನಡದಲ್ಲಿ ಬರೆದವರ ಗತಿ ಏನು ಹೇಳಿ?

ಈ ಪೆರೆಲ್ಮನ್ ನನಗೆ ಅರ್ಥವಾದದ್ದು ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಒಂದಷ್ಟು ಭಾಗ ಮುಳುಗಿ ನವನಗರ ಕಟ್ಟಿದ್ದು ಎಲ್ಲರಿಗೂ ಗೊತ್ತು. ಈಗ ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದಲ್ಲಿ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಇನ್ನಷ್ಟು ಹೊಲ, ಹಳ್ಳಿ ಮುಳುಗುತ್ತವೆ. ಪರಿಹಾರದ ಬಗ್ಗೆ ನಡೆದ ಒಂದು ಸಭೆಗೆ ನಮ್ಮ ಸಂಬಂಧಿಕರ ಜೊತೆ ಹೋಗಿದ್ದೆ. ಅಧಿಕಾರಿ ನಕ್ಷೆ ಬಿಚ್ಚಿಟ್ಟು, ಈ ಗೆರೆಯ ಕೆಳಗಿನ ಜಮೀನಿಗೆ ಪರಿಹಾರ, ಮೇಲಿನದಕ್ಕೆ ಇಲ್ಲ ಎಂದು ವಿವರಿಸಿದರು. ಹಿಂದಿನ ಸಾಲಿನಿಂದ ಒಬ್ಬ ವಯಸ್ಸಾದ ರೈತ ಎದ್ದರು. ಟೊಪ್ಪಿಗೆ ಕೈಯಲ್ಲಿತ್ತು. ‘ಮುಳುಗೂ ಹೊಲಕ್ಕ ರೊಕ್ಕ ಕೊಡ್ತೀರಿ, ಖರೆ. ನನ್ನ ಹೊಲ ಮುಳುಗಂಗಿಲ್ಲ, ಅದೂ ಖರೆ. ಆದ್ರ ಹೊಲಕ್ಕ ಹೋಗೂ ದಾರಿ ಮುಳುಗತೈತ್ರಿ ಸಾಹೇಬ್ರ. ದಾರಿ ಇಲ್ಲದ ಹೊಲ, ಮುಳುಗಿದ ಹೊಲ, ಎರಡರಾಗ ನನಗ ಏನ್ ಫರಕ್ ಹೇಳ್ರಿ?’

ಸಭೆ ಒಂದು ಗಳಿಗೆ ಸ್ತಬ್ಧವಾಯಿತು. ಸಾಹೇಬರು ನಕ್ಷೆ ಬಿಟ್ಟು ನೋಟ್‌ಬುಕ್ ತೆಗೆದು ಬರೆದುಕೊಂಡರು. ಆ ರೈತ ಏನು ಮಾಡಿದರು ನೋಡಿ. ಸರ್ಕಾರದ ನಿಯಮವನ್ನು ಬೈಯಲಿಲ್ಲ. ಅದನ್ನು ಒಪ್ಪಿಕೊಂಡರು. ಒಪ್ಪಿಕೊಂಡೇ, ನನ್ನ ಹೊಲವೂ ಅದೇ ವರ್ಗಕ್ಕೆ ಸೇರುತ್ತದೆ ಎಂದು ತೋರಿಸಿದರು. ಒಂದೇ ವರ್ಗಕ್ಕೆ ಸೇರಿದವನ್ನು ಒಂದೇ ರೀತಿ ನೋಡಬೇಕು ಎಂಬ ವಾದವನ್ನು ಪೆರೆಲ್ಮನ್ ‘ನ್ಯಾಯದ ನಿಯಮ’ ಎಂದು ಕರೆದು ವಿವರಿಸಿದ್ದಾರೆ. ನಾನು ಅದನ್ನು ಓದಿದ್ದೆ, ತಲೆಗೆ ಹತ್ತಿರಲಿಲ್ಲ. ಆ ಸಭೆಯ ಮುಂದಿನ ಅರ್ಧ ತಾಸಿನಲ್ಲಿ ಇನ್ನೂ ಮೂರ್ನಾಲ್ಕು ಜನ ಅದೇ ಧಾಟಿಯಲ್ಲಿ ಮಾತಾಡಿದರು. ಬಾವಿ ಮುಳುಗಿ ಹೊಲ ಉಳಿದವರು, ಕೊಟ್ಟಿಗೆ ಮುಳುಗಿ ಮನೆ ಉಳಿದವರು. ಮೊದಲು ಅಳುತ್ತಾ, ಬೈಯುತ್ತಾ ಹೇಳುತ್ತಿದ್ದ ಸಂಕಟಕ್ಕೆ ಒಂದು ವಾದದ ರೂಪ ಬಂದಿತ್ತು.

ಇಂಥ ವಾದಗಳನ್ನು ಒಬ್ಬ ಸಂಶೋಧಕಿ ಊರೂರು ತಿರುಗಿ ಬರೆದುಕೊಂಡಳು ಅನ್ನಿ. ಯಾವ ವಾದಕ್ಕೆ ಅಧಿಕಾರಿಗಳು ಕಿವಿಗೊಟ್ಟರು, ಯಾವುದನ್ನು ತಳ್ಳಿಹಾಕಿದರು, ಯಾಕೆ ಎಂದು ವಿಂಗಡಿಸಿ ಕನ್ನಡದಲ್ಲಿ ಸಣ್ಣ ಪುಸ್ತಕ ಮಾಡಿದಳು ಅನ್ನಿ. ಅದು ಮುಳುಗಡೆ ಹಳ್ಳಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಜನ ಅರ್ಜಿ ಬರೆಯುವಾಗ ಅದರ ಸಾಲು ಎತ್ತಿಕೊಳ್ಳುತ್ತಾರೆ. ವಕೀಲರು ಬಳಸುತ್ತಾರೆ. ರಾಜಕೀಯ ವಾದದ ಅಧ್ಯಯನಕ್ಕೆ ಇದಕ್ಕಿಂತ ದೊಡ್ಡ ಪ್ರಭಾವ ಬೇರೆ ಯಾವುದಿದೆ? ಬಡ್ತಿಯ ಅರ್ಜಿಯಲ್ಲಿ ಅವಳು ಬರೆಯಬೇಕಾದದ್ದು: ಉಲ್ಲೇಖಗಳು, ಸೊನ್ನೆ.

ಹೀಗಾಗುತ್ತದೆ ಎಂದು ಗೊತ್ತಿರುವುದರಿಂದಲೇ ಹುಡುಗರು ಈ ವಿಷಯ ಹಿಡಿಯುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರಲ್ಲಿ. ಚಳಿಗಾಲದ ಅಧಿವೇಶನ ಅಲ್ಲಿ ಸೇರುತ್ತದೆ. ಉತ್ತರ ಕರ್ನಾಟಕದ ಚರ್ಚೆ ನಡೆಯುತ್ತದೆ, ಎಲ್ಲ ನಡಾವಳಿಯಲ್ಲಿ ದಾಖಲಾಗುತ್ತದೆ. ಮಹದಾಯಿ, ಕಬ್ಬಿನ ಬೆಲೆ, ಗಡಿ, ಮುಳುಗಡೆ. ಎಷ್ಟು ಒಳ್ಳೆಯ ಸಾಮಗ್ರಿ! ಒಬ್ಬ ವಿದ್ಯಾರ್ಥಿಗೆ ಇದನ್ನು ಮಾಡು ಎಂದೆ. ‘ಸರ್, ಇಂಗ್ಲಿಷ್ ಜರ್ನಲ್‌ನವರಿಗೆ ಬೆಳಗಾವಿ ಯಾಕೆ ಬೇಕು? ಅಮೆರಿಕದ ಅಧ್ಯಕ್ಷರ ಭಾಷಣ ಮಾಡಿದರೆ ಸೈಟೇಷನ್ ಜಾಸ್ತಿ ಬರುತ್ತೆ’ ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ಅವನು ನೌಕರಿ ಹುಡುಕಬೇಕು. ಮೇಡಂ ಹೇಳಿದ ಲೈಡನ್ ಪ್ರಣಾಳಿಕೆಯಲ್ಲೇ ಇನ್ನೊಂದು ಅಂಶವೂ ಇದೆ. ಸ್ಥಳೀಯ ಮಹತ್ವದ ಒಳ್ಳೆಯ ಸಂಶೋಧನೆಯನ್ನು ಕಾಪಾಡಿ ಎಂದು ಅದು ಕೇಳುತ್ತದೆ. ತಿಳಿದವರು ಓದಿ ಕೊಟ್ಟ ತೀರ್ಪಿಗೆ ಸಂಖ್ಯೆಗಳು ಆಸರೆಯಾಗಿರಲಿ ಎಂದು ಮೊದಲ ಅಂಶದಲ್ಲೇ ಹೇಳುತ್ತದೆ.

ನಮ್ಮ ಕ್ಷೇತ್ರಕ್ಕೇ ಇರುವ ಇನ್ನೊಂದು ತೊಂದರೆ ಹೇಳಬೇಕು. ವಾದಗಳ ಬಗ್ಗೆ ಬರೆಯುವವರು ಒಬ್ಬರನ್ನೊಬ್ಬರು ಹೆಸರಿಸುವುದು ಬಹಳ ಸಲ ಖಂಡಿಸಲು. ‘ಇವರು ಹೀಗೆ ತಪ್ಪು ಮಾಡಿದ್ದಾರೆ’ ಎಂದು ತೋರಿಸಲು. ಎಣಿಕೆಯಲ್ಲಿ ಹೊಗಳಿದ್ದೂ ಒಂದೇ, ಖಂಡಿಸಿದ್ದೂ ಒಂದೇ. ಒಂದು ಕೆಟ್ಟ ಸಿದ್ಧಾಂತವನ್ನು ನೂರು ಜನ ತಿರಸ್ಕರಿಸಿದರೆ ಅದರ ಲೇಖಕರಿಗೆ ನೂರು ಉಲ್ಲೇಖ.

ಅಡ್ಡಹೆಸರಿನ ಪ್ರಶ್ನೆಗೆ ಬರುತ್ತೇನೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ. ಎಣಿಕೆ ಕುರುಡು, ಆದ್ದರಿಂದ ನ್ಯಾಯ ಎಂದು ಮೇಡಂ ನಂಬುತ್ತಾರೆ. ನನ್ನ ಅನುಭವ ಬೇರೆ. ಪ್ರಭಾವ ಇರುವ ಗೈಡ್‌ನ ಹೆಸರು ಶಿಷ್ಯರ ಎಲ್ಲ ಲೇಖನಗಳ ಮೇಲೂ ಬರುತ್ತದೆ. ಒಂದೇ ಗುಂಪಿನವರು ಒಬ್ಬರನ್ನೊಬ್ಬರು ಹೆಸರಿಸಿಕೊಳ್ಳುತ್ತಾರೆ. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಜರ್ನಲ್‌ಗಳು ಎಷ್ಟು ಬೇಕಾದರೂ ಇವೆ. ಅವನ್ನು ತಡೆಯಲೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿತ ಜರ್ನಲ್‌ಗಳ ‘ಕೇರ್’ ಪಟ್ಟಿ ತಂದಿತು. 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಅಡ್ಡಹೆಸರು ನೋಡಿ ಕೆಲಸ ಕೊಡುವವರು ಉಲ್ಲೇಖವನ್ನೂ ಅಡ್ಡಹೆಸರು ನೋಡಿಯೇ ಹಂಚಿಕೊಳ್ಳುತ್ತಾರೆ. ಹಿಂದೆ ಕಣ್ಣಿಗೆ ಕಾಣುತ್ತಿದ್ದ ಪಕ್ಷಪಾತ ಈಗ ಅಂಕಿಯಾಗಿ ಬರುತ್ತದೆ. ಅದನ್ನು ಪ್ರಶ್ನಿಸುವುದು ಮತ್ತಷ್ಟು ಕಷ್ಟ.

ಬೇರೆ ದಾರಿ ಇದೆ. ಬ್ರಿಟನ್ 2014ರಲ್ಲಿ ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಮಾಡಿದಾಗ, ನಿಮ್ಮ ಸಂಶೋಧನೆಯಿಂದ ಹೊರಗಿನ ಜಗತ್ತಿನಲ್ಲಿ ಏನು ಬದಲಾಯಿತು, ಪುರಾವೆ ಸಮೇತ ಬರೆದುಕೊಡಿ ಎಂದು ಕೇಳಿತು. ಶೇ 20ರಷ್ಟು ಅಂಕ ಅದಕ್ಕೇ ಇಟ್ಟಿತು. 2021ರಲ್ಲಿ ಅದನ್ನು ಶೇ 25ಕ್ಕೆ ಏರಿಸಿತು. ಅಲ್ಲೂ ಕೊರತೆ ಇಲ್ಲ ಎಂದಲ್ಲ. ಚೆನ್ನಾಗಿ ಬರೆದುಕೊಡುವವರನ್ನು ದುಡ್ಡಿರುವ ವಿಶ್ವವಿದ್ಯಾಲಯ ಇಟ್ಟುಕೊಳ್ಳುತ್ತದೆ. ಆದರೂ ಅರ್ಜಿ, ಕಾಯ್ದೆ, ಪಾಠ, ಜನರ ಮಾತು ಇವೆಲ್ಲ ಅಲ್ಲಿ ಪುರಾವೆಯಾಗಬಹುದು.

ನಮ್ಮಲ್ಲಿ ಹೀಗೆ ಮಾಡಬಹುದು. ಅಭ್ಯರ್ಥಿ ತನ್ನ ಮೂರು ಅತ್ಯುತ್ತಮ ಬರಹ ಕೊಡಲಿ, ಕನ್ನಡದ್ದಾದರೆ ಕನ್ನಡದ್ದೇ. ಜಿಲ್ಲೆಯ ಹೊರಗಿನ ಇಬ್ಬರು ಅದನ್ನು ಓದಲಿ. ಅವರಿಗೆ ಅಭ್ಯರ್ಥಿಯ ಹೆಸರು, ಗೈಡ್ ಹೆಸರು ಗೊತ್ತಾಗದಿರಲಿ. ಓದಿದವರು ಎರಡು ಪುಟ ಅಭಿಪ್ರಾಯ ಬರೆದು ಸಹಿ ಹಾಕಲಿ. ಆ ಅಭಿಪ್ರಾಯದ ಪ್ರತಿ ಅಭ್ಯರ್ಥಿಗೂ ಸಿಗಲಿ. ಸುಳ್ಳು ಬರೆದರೆ ಹೆಸರು ಹಿಡಿದು ಕೇಳುವಂತಿರಲಿ. ಜೊತೆಗೆ, ಈ ಕೆಲಸವನ್ನು ಹೊರಗೆ ಯಾರು ಹೇಗೆ ಬಳಸಿದರು ಎಂದು ಒಂದು ಪುಟ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ನಮ್ಮೂರಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಎರಡೂ ಇದನ್ನು ಮೊದಲು ಶುರು ಮಾಡಬಹುದು. ಓದುವವರಿಗೆ ಸಂಭಾವನೆ ಕೊಡಬೇಕಾಗುತ್ತದೆ, ಒಂದೆರಡು ತಿಂಗಳು ಹೆಚ್ಚು ಹಿಡಿಯುತ್ತದೆ. ಸದ್ಯಕ್ಕೆ ಉಲ್ಲೇಖದ ಸಂಖ್ಯೆ ಬರೆಯುವ ಕಾಲಂ ಅರ್ಜಿಯಲ್ಲಿ ಇರಲಿ, ಬೇಕಾದವರು ತುಂಬಲಿ. ಮಾತು ಮತ್ತು ವಾದಗಳ ಅಧ್ಯಯನದ ಹುದ್ದೆಗಳಿಗೆ ಆ ಕಾಲಂಗೆ ಅಂಕ ಬೇಡ.